ಮೆನಿಂಜೈಟಿಸ್: ನಾಲ್ಕು ಗ್ರಾಂ ಬೇಕಾದಲ್ಲಿ ಒಂದು ಗ್ರಾಂ

ಸೆಫ್ಟ್ರಿಯಾಕ್ಸೋನ್ ಎಂಬ ಹೆಸರು ಕೇಳದವರ ಮೈಗೂ ಆ ಔಷಧಿ ಒಮ್ಮೆಯಾದರೂ ಸೇರಿರುವ ಸಾಧ್ಯತೆ ಇದೆ. ಸಣ್ಣ ಗಾಜಿನ ವಯಲ್, ಒಳಗೆ ಬಿಳಿ ಪುಡಿ, ನೀರು ಬೆರೆಸಿ ಕುಲುಕಿದರೆ ತೆಳು ಹಳದಿ ದ್ರವ. ಟೈಫಾಯ್ಡ್ ಇರಬಹುದೆಂಬ ಅನುಮಾನಕ್ಕೆ, ಎದೆಯಲ್ಲಿ ಕಫ ಕಟ್ಟಿದ್ದಕ್ಕೆ, ಆಪರೇಷನ್ನಿಗೆ ಮುಂಚೆ, ಮೂರು ದಿನವಾದರೂ ಬಿಡದ ಯಾವುದೋ ಜ್ವರಕ್ಕೆ, ಹೀಗೆ ಸಣ್ಣ ಊರುಗಳ ನರ್ಸಿಂಗ್ ಹೋಮ್‌ಗಳಲ್ಲಿ ಡ್ರಿಪ್ ಹಾಕಿದ ಮೇಲೆ ಕೈಗೆ ಮೊದಲು ಸಿಗುವ ಆಂಟಿಬಯೋಟಿಕ್ ಸಾಮಾನ್ಯವಾಗಿ ಇದೇ. ದಿನಕ್ಕೊಂದು ಗ್ರಾಂ ಹಾಕಿ, ರೋಗಿಯನ್ನು ಮನೆಗೆ ಕಳಿಸಿ, ನಾಳೆ ಬಂದು ಇನ್ನೊಂದು ಹಾಕಿಸಿಕೊಳ್ಳಿ ಎನ್ನುವುದು ರೂಢಿ.

ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್‌ಗೂ, ಅಂದರೆ ಮಿದುಳು ಮತ್ತು ಬೆನ್ನುಹುರಿಯನ್ನು ಸುತ್ತಿರುವ ಪೊರೆಗಳ ಸೋಂಕಿಗೂ, ಮೊದಲ ಮದ್ದು ಇದೇ ಪುಡಿ. ಆದರೆ ಅಲ್ಲಿ ವಯಸ್ಕರಿಗೆ ಬೇಕಾಗುವುದು 12 ಗಂಟೆಗೊಮ್ಮೆ 2 ಗ್ರಾಂ. ದಿನಕ್ಕೆ ನಾಲ್ಕು ವಯಲ್. ಮಾಮೂಲಿ ಜ್ವರವೆಂದು ದಿನಕ್ಕೊಂದು ವಯಲ್ ಹಾಕಿಸಿಕೊಂಡು ನಾಲ್ಕನೇ ದಿನ ಪ್ರಜ್ಞೆ ಮಸುಕಾಗಿ ಜಿಲ್ಲಾಸ್ಪತ್ರೆಗೆ ಬರುವ ರೋಗಿಗೆ ಸಿಕ್ಕಿರುವುದು ಸರಿಯಾದ ಔಷಧಿಯೇ, ಆದರೆ ಅದರ ಕಾಲು ಭಾಗ ಮಾತ್ರ. ನಮ್ಮಲ್ಲಿ ಈ ಕಾಯಿಲೆಯ ಚಿಕಿತ್ಸೆ ಎಡವುವುದು ಹೊಸ ಔಷಧಿ ಇಲ್ಲದ್ದಕ್ಕಿಂತ ಹೆಚ್ಚಾಗಿ ಈ ಲೆಕ್ಕದಲ್ಲಿ ಎಂಬುದು ನನ್ನ ಅಭಿಪ್ರಾಯ.

ಕೇರಳದಲ್ಲಿ ಮಿದುಳು ತಿನ್ನುವ ಅಮೀಬಾ ಎರಡು ವರ್ಷ ಸುದ್ದಿಯಲ್ಲಿತ್ತು, ಕರ್ನಾಟಕದವರೂ ಕೆರೆಗೆ ಇಳಿಯಲು ಹೆದರಿದರು. ಅಮೀಬಾದ ಸೋಂಕು ತೀರಾ ಅಪರೂಪ. ಬ್ಯಾಕ್ಟೀರಿಯಾದ ಮೆನಿಂಜೈಟಿಸ್ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಜನರನ್ನು ಕೊಲ್ಲುತ್ತಿದ್ದರೂ ಪತ್ರಿಕೆಯ ಒಳಪುಟಕ್ಕೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನಲ್ಲಿ ಸುಮಾರು 25 ಲಕ್ಷ ಮಂದಿಗೆ ಮೆನಿಂಜೈಟಿಸ್ ಬಂದಿತ್ತು. ಅದರಲ್ಲಿ 16 ಲಕ್ಷ ಬ್ಯಾಕ್ಟೀರಿಯಾದ್ದು, ಆ ಪೈಕಿ ಸತ್ತವರು ಸುಮಾರು 2.4 ಲಕ್ಷ. ಸರಿಸುಮಾರು ಆರರಲ್ಲೊಬ್ಬರು. ಬದುಕಿದ ಐವರಲ್ಲೊಬ್ಬರಿಗೆ ಕಿವುಡು, ಫಿಟ್ಸ್, ಕೈಕಾಲಿನ ದೌರ್ಬಲ್ಯ, ಕಲಿಕೆಯ ತೊಂದರೆಗಳಲ್ಲಿ ಯಾವುದಾದರೊಂದು ಉಳಿದುಬಿಡುತ್ತದೆ. ಇಷ್ಟು ಹಳೆಯ ಕಾಯಿಲೆಯ ಪತ್ತೆ, ಚಿಕಿತ್ಸೆ ಮತ್ತು ಆರೈಕೆಗೆ ಸಂಸ್ಥೆ ತನ್ನ ಮೊದಲ ಸಮಗ್ರ ಮಾರ್ಗಸೂಚಿ ಹೊರತಂದದ್ದು 2025ರ ಏಪ್ರಿಲ್‌ನಲ್ಲಿ. ಅದರಲ್ಲಿ ಚಮತ್ಕಾರದ ಹೊಸ ಮದ್ದೇನೂ ಇಲ್ಲ. ಇರುವುದನ್ನು ಯಾವ ಹೊತ್ತಿಗೆ, ಯಾವ ಪ್ರಮಾಣದಲ್ಲಿ, ಯಾವುದರ ಜೊತೆ ಕೊಡಬೇಕು ಎಂಬುದೇ ಅದರ ಬಹುಪಾಲು.

ಪ್ರಮಾಣ ಯಾಕೆ ಇಷ್ಟು ಮುಖ್ಯ ಎನ್ನುವುದು ಪೆನಿಸಿಲಿನ್ ಕಂಡುಹಿಡಿದವರಿಗೇ ಮೊದಲು ಪೆಟ್ಟು ಕೊಟ್ಟು ಕಲಿಸಿದ ಪಾಠ. 1942ರ ಆಗಸ್ಟ್‌ನಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ತಮ್ಮ ಪರಿಚಯದ ಹ್ಯಾರಿ ಲ್ಯಾಂಬರ್ಟ್ ಎಂಬವರಿಗೆ ಚಿಕಿತ್ಸೆ ಮಾಡುತ್ತಿದ್ದರು. ಸ್ಟ್ರೆಪ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾದ ಮೆನಿಂಜೈಟಿಸ್, ಆಗ ಬಳಕೆಯಲ್ಲಿದ್ದ ಸಲ್ಫಾ ಔಷಧಿ ಕೆಲಸ ಮಾಡಿರಲಿಲ್ಲ. ಆಕ್ಸ್‌ಫರ್ಡ್‌ನಲ್ಲಿ ಪೆನಿಸಿಲಿನ್ ತಯಾರಿಸುತ್ತಿದ್ದ ಹೋವರ್ಡ್ ಫ್ಲೋರಿಯಿಂದ ಅದನ್ನು ತರಿಸಿ ಸ್ನಾಯುವಿಗೆ ಚುಚ್ಚಿದರು. ರೋಗಿ ಸ್ವಲ್ಪ ಚೇತರಿಸಿಕೊಂಡರೂ ರೋಗ ಪೂರ್ತಿ ಹಿಡಿತಕ್ಕೆ ಬರಲಿಲ್ಲ. ಬೆನ್ನಿನಿಂದ ದ್ರವ ತೆಗೆದು ಪರೀಕ್ಷಿಸಿದರೆ ಅದರಲ್ಲಿ ಪೆನಿಸಿಲಿನ್ನೇ ಇಲ್ಲ! ಕೊನೆಗೆ ಬೆನ್ನುಹುರಿಯ ದ್ರವಕ್ಕೇ ನೇರವಾಗಿ ಔಷಧಿ ಸೇರಿಸಿದರು, ಲ್ಯಾಂಬರ್ಟ್ ಬದುಕಿದರು.

ರಕ್ತದಿಂದ ಮಿದುಳಿಗೆ ಏನು ಹೋಗಬೇಕು, ಏನು ಹೋಗಬಾರದು ಎಂದು ನಿರ್ಧರಿಸುವ ಗೋಡೆಯೊಂದು ನಮ್ಮ ರಕ್ತನಾಳಗಳಲ್ಲೇ ಇದೆ. ಅಲ್ಲಿನ ಜೀವಕೋಶಗಳು ಸಂದಿಲ್ಲದಂತೆ ಒತ್ತಾಗಿ ಬೆಸೆದುಕೊಂಡಿರುತ್ತವೆ. ಸೋಂಕಿನಿಂದ ಉರಿಯೂತವಾದಾಗ ಆ ಬೆಸುಗೆ ಸಡಿಲಾಗಿ ಔಷಧಿ ಒಂದಿಷ್ಟು ಒಳಗೆ ನುಸುಳುತ್ತದೆ. ಆಗಲೂ ಸೆಫ್ಟ್ರಿಯಾಕ್ಸೋನ್ ಒಳಸೇರುವುದು ರಕ್ತದಲ್ಲಿರುವುದರ ಸಣ್ಣ ಪಾಲು ಮಾತ್ರ. ರೋಗಿ ಸುಧಾರಿಸಿದಂತೆ ಉರಿಯೂತ ಇಳಿದು, ಗೋಡೆ ಮತ್ತೆ ಬಿಗಿಯಾಗಿ, ಒಳಹೋಗುವ ಪಾಲು ಇನ್ನಷ್ಟು ಇಳಿಯುತ್ತದೆ. ಹಾಗಾಗಿ ಬೇರೆ ಸೋಂಕುಗಳಲ್ಲಿ ಮಾಡುವಂತೆ ಜ್ವರ ಬಿಟ್ಟಿತಲ್ಲ, ಇನ್ನು ಮಾತ್ರೆಗೆ ಬದಲಿಸೋಣ, ಡೋಸ್ ಇಳಿಸೋಣ ಎನ್ನುವಂತಿಲ್ಲ. ಮೊದಲ ದಿನ ಎಷ್ಟೋ ಕೊನೆಯ ದಿನವೂ ಅಷ್ಟೇ, ಅದೂ ರಕ್ತನಾಳದ ಮೂಲಕವೇ.

ಇನ್ನೊಂದು ಕಾರಣವೂ ಇದೆ. ರಕ್ತದಲ್ಲಿ ಬ್ಯಾಕ್ಟೀರಿಯಾದ ಬೆಳವಣಿಗೆ ತಡೆದರೆ ಸಾಕು, ಮಿಕ್ಕಿದ್ದನ್ನು ಬಿಳಿ ರಕ್ತಕಣಗಳೂ ಪ್ರತಿಕಾಯಗಳೂ ನೋಡಿಕೊಳ್ಳುತ್ತವೆ. ಮಿದುಳು, ಬೆನ್ನುಹುರಿಗಳನ್ನು ಸುತ್ತಿರುವ ಮಿದುಳು ದ್ರವದಲ್ಲಿ ಆ ಪಡೆ ತೀರಾ ದುರ್ಬಲ. ಅಲ್ಲಿ ಔಷಧಿಯೇ ಬ್ಯಾಕ್ಟೀರಿಯಾವನ್ನು ಕೊಲ್ಲಬೇಕು. ಜ್ವರವೆಂದರೆ ಮೆಡಿಕಲ್ ಶಾಪಿನಿಂದ ತಂದು ನುಂಗುವ ಅಜಿಥ್ರೋಮೈಸಿನ್, ಸೆಫಿಕ್ಸಿಮ್‌ಗಳು ಈ ಜಾಗಕ್ಕೆ ಬೇಕಾದಷ್ಟು ತಲುಪುವುದೇ ಇಲ್ಲ. ಆದರೆ ರಕ್ತದಲ್ಲಿರುವ ಬ್ಯಾಕ್ಟೀರಿಯಾವನ್ನು ಒಂದಿಷ್ಟು ಹತ್ತಿಕ್ಕುತ್ತವೆ, ಜ್ವರವನ್ನು ಅರ್ಧ ಇಳಿಸುತ್ತವೆ, ಎಲ್ಲರನ್ನೂ ಎರಡು ದಿನ ಸಮಾಧಾನದಲ್ಲಿಡುತ್ತವೆ. ಕೆಟ್ಟದ್ದು ಆಗುವುದು ಆ ಎರಡು ದಿನದಲ್ಲಿ.

ಅರ್ಧಂಬರ್ಧ ಚಿಕಿತ್ಸೆಯಾಗಿ ಬಂದ ಇಂಥ ರೋಗಿಯ ಮುಂದೆ ದೊಡ್ಡಾಸ್ಪತ್ರೆಯ ವೈದ್ಯರೂ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಬೆನ್ನಿನ ನೀರನ್ನು, ಅಂದರೆ ಬೆನ್ನಿನಿಂದ ತೆಗೆದ ಅದೇ ಮಿದುಳು ದ್ರವವನ್ನು, ಬ್ಯಾಕ್ಟೀರಿಯಾ ಬೆಳೆಸಿ ಗುರುತಿಸುವ ಕಲ್ಚರ್ ಪರೀಕ್ಷೆಗೆ ಕಳಿಸಿದರೆ ಏನೂ ಬೆಳೆಯುವುದಿಲ್ಲ. ಈ ಕಾಯಿಲೆ ತರುವ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ಒಂದಾದ ಮೆನಿಂಗೋಕಾಕಸ್ ಆದರೆ ಸರಿಯಾದ ಆಂಟಿಬಯೋಟಿಕ್ ಹೋದ ಒಂದೆರಡು ಗಂಟೆಯಲ್ಲೇ ಆ ದ್ರವದ ಕಲ್ಚರ್ ನೆಗೆಟಿವ್ ಆಗಬಹುದು. ಇನ್ನೊಂದಾದ ನ್ಯೂಮೋಕಾಕಸ್‌ಗೆ ನಾಲ್ಕಾರು ಗಂಟೆ ಹಿಡಿಯುತ್ತದೆ. ದಿನಗಟ್ಟಲೆ ಬಿಡಿ ಡೋಸ್ ತಿಂದು ಬಂದವರಲ್ಲಿ ಚಿತ್ರ ಇನ್ನೂ ಗೋಜಲು: ಜೀವಕಣಗಳ ಸಂಖ್ಯೆ ನಡುವಿನಲ್ಲೆಲ್ಲೋ, ಸಕ್ಕರೆ ಅಂಶ ಸ್ವಲ್ಪ ಕಡಿಮೆ, ಪ್ರೋಟೀನ್ ಜಾಸ್ತಿ. ಇದು ಅರ್ಧ ವಾಸಿಯಾದ ಬ್ಯಾಕ್ಟೀರಿಯಾವೋ, ಕ್ಷಯದ ಮೆನಿಂಜೈಟಿಸೋ, ವೈರಸ್ಸೋ? ಭಾರತದಲ್ಲಿ ಕ್ಷಯದ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ. ಕೊನೆಗೆ ಸೆಫ್ಟ್ರಿಯಾಕ್ಸೋನ್, ವ್ಯಾಂಕೋಮೈಸಿನ್ ಎಂಬ ಇನ್ನೊಂದು ಆಂಟಿಬಯೋಟಿಕ್, ವೈರಸ್‌ಗೆ ಕೊಡುವ ಅಸೈಕ್ಲೋವಿರ್, ನಾಲ್ಕು ಬಗೆಯ ಕ್ಷಯದ ಮಾತ್ರೆ, ಎಲ್ಲವೂ ಒಂದೇ ಕೇಸ್ ಶೀಟಿನಲ್ಲಿ ಸಾಲಾಗಿ ಕೂರುತ್ತವೆ. ವೈದ್ಯರನ್ನು ದೂರುವುದು ಸುಲಭ. ಆದರೆ ಮೊದಲ ಊರಿನಲ್ಲಿ ಕೊಟ್ಟ ಚೀಟಿಯಲ್ಲಿ ಔಷಧಿಯ ಹೆಸರೂ ಇಲ್ಲದಿದ್ದರೆ ಅವರಾದರೂ ಏನು ಮಾಡಬೇಕು?

ಆ ಬೆನ್ನಿನ ನೀರಿನ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮನೆಯವರು ಮೊದಲು ತಕರಾರು ತೆಗೆಯುವುದು ಅಲ್ಲೇ. ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದುಹೋಗುತ್ತದೆ ಎಂಬ ಭಯ ಹಳ್ಳಿ, ಪೇಟೆ ಎರಡರಲ್ಲೂ ಇದೆ. ವಯಸ್ಕರಲ್ಲಿ ಬೆನ್ನುಹುರಿ ಸೊಂಟದ ಮೇಲುಭಾಗದಲ್ಲೇ ಮುಗಿಯುತ್ತದೆ. ಸೂಜಿ ಹಾಕುವುದು ಅದಕ್ಕಿಂತ ಕೆಳಗೆ, ಬರೀ ನರಗಳ ಎಳೆಗಳು ದ್ರವದಲ್ಲಿ ತೇಲುತ್ತಿರುವ ಜಾಗದಲ್ಲಿ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ಮಂಡಿಯನ್ನು ಹೊಟ್ಟೆಗೆ ಒತ್ತಿ, ಬೆನ್ನು ಬಾಗಿಸಿ, ಮರಗಟ್ಟಿಸುವ ಔಷಧಿ ಕೊಟ್ಟು ಸೂಜಿ ಒಳಗಿಳಿಸುತ್ತಾರೆ. ತೆಗೆಯುವುದು ಕೆಲವು ಮಿಲಿಲೀಟರ್. ದೇಹ ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದನ್ನು ತಯಾರಿಸುತ್ತಲೇ ಇರುತ್ತದೆ. ಆರೋಗ್ಯವಂತರಲ್ಲಿ ಅದು ತಿಳಿನೀರು. ಬ್ಯಾಕ್ಟೀರಿಯಾದ ಸೋಂಕು ಜೋರಾಗಿದ್ದರೆ ಸೂಜಿಯಿಂದ ತೊಟ್ಟಿಕ್ಕುವುದು ಅಕ್ಕಿ ತೊಳೆದ ನೀರಿನಂಥ ಬಿಳಿ. ಅದನ್ನು ಕಂಡ ಕ್ಷಣವೇ ಅನುಭವಿ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಿರುತ್ತದೆ. ಒಂದು ತೊಟ್ಟನ್ನು ಗಾಜಿನ ಪಟ್ಟಿಗೆ ಹಚ್ಚಿ ಬ್ಯಾಕ್ಟೀರಿಯಾ ಗುರುತಿಸಲು ಬಳಸುವ ‘ಗ್ರಾಂ’ ಎಂಬ ಬಣ್ಣ (ತೂಕದ ಗ್ರಾಂ ಅಲ್ಲ) ಹಾಕಿದರೆ ನೇರಳೆ ಜೋಡಿ ಚುಕ್ಕೆಗಳೋ ಗುಲಾಬಿ ಜೋಡಿ ಚುಕ್ಕೆಗಳೋ ಕಾಣುತ್ತವೆ. ಮೊದಲನೆಯದು ನ್ಯೂಮೋಕಾಕಸ್ ಕಡೆಗೆ, ಎರಡನೆಯದು ಮೆನಿಂಗೋಕಾಕಸ್ ಕಡೆಗೆ ಬೆರಳು ತೋರಿಸುತ್ತದೆ. ಇದಕ್ಕೆ ಬೇಕಾದ್ದು ಒಂದು ಮೈಕ್ರೋಸ್ಕೋಪ್, ಒಬ್ಬ ನುರಿತ ಟೆಕ್ನಿಷಿಯನ್. ಎಂಆರ್‌ಐ ಯಂತ್ರ ಉದ್ಘಾಟಿಸುವ ಉತ್ಸಾಹದಲ್ಲಿ ರಾತ್ರಿ ಪಾಳಿಗೆ ಆ ಟೆಕ್ನಿಷಿಯನ್ ಇದ್ದಾನೆಯೇ ಎಂದು ನೋಡುವವರು ಕಡಿಮೆ.

ಹಾಗಂತ ನೀರು ತೆಗೆಯುವವರೆಗೆ ಔಷಧಿ ತಡೆಹಿಡಿಯಬೇಕೇ? ಬಿಲ್ಕುಲ್ ಬೇಡ. ಬ್ರಿಟನ್ನಿನ 2024ರ ಮಾರ್ಗಸೂಚಿ ರೋಗಿ ಆಸ್ಪತ್ರೆ ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ಹೋಗಿರಬೇಕು ಎನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ನಿಲುವೂ ತಡಮಾಡಬೇಡಿ ಎಂದೇ. ರಕ್ತದ ಕಲ್ಚರ್ ತೆಗೆದುಕೊಳ್ಳಿ, ಆಗುವುದಾದರೆ ಕೂಡಲೇ ಬೆನ್ನಿನ ನೀರು ತೆಗೆಯಿರಿ, ಆಗದಿದ್ದರೆ ಔಷಧಿ ಹಾಕಿ ಆಮೇಲೆ ತೆಗೆಯಿರಿ. ಕಲ್ಚರ್ ನೆಗೆಟಿವ್ ಆದರೂ ಜೀವಕಣ, ಸಕ್ಕರೆ, ಪ್ರೋಟೀನ್‌ಗಳ ಏರುಪೇರು ಕೆಲವು ಗಂಟೆಯಲ್ಲಿ ಮಾಯವಾಗುವುದಿಲ್ಲ, ಪಿಸಿಆರ್ ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಯನ್ನೂ ಹಿಡಿಯುತ್ತದೆ. ಸಮಯ ನುಂಗುವುದು ಹೆಚ್ಚಾಗಿ ಸ್ಕ್ಯಾನ್. ಮೊದಲು ಸಿಟಿ, ಅದರ ರಿಪೋರ್ಟ್, ಆಮೇಲೆ ಸೂಜಿ, ಕೊನೆಗೆ ಔಷಧಿ ಎಂಬ ಸರದಿಯಲ್ಲಿ ಮೂರ್ನಾಲ್ಕು ಗಂಟೆ ಸಲೀಸಾಗಿ ಕಳೆಯುತ್ತದೆ. ಸ್ವೀಡನ್ 2009ರಲ್ಲಿ ತನ್ನ ನಿಯಮ ಬದಲಿಸಿ, ಪ್ರಜ್ಞೆ ಮಸುಕಾಗಿದೆ ಎಂಬ ಒಂದೇ ಕಾರಣಕ್ಕೆ ಸ್ಕ್ಯಾನ್‌ಗಾಗಿ ಕಾಯಬೇಕಿಲ್ಲ ಎಂದಿತು. ಆಮೇಲೆ ಅಲ್ಲಿ ಚಿಕಿತ್ಸೆ ಒಂದು ಗಂಟೆಗೂ ಹೆಚ್ಚು ಮುಂಚಿತವಾಗಿ ಶುರುವಾಯಿತು, ಸಾವೂ ಇಳಿಯಿತು. ಸ್ಕ್ಯಾನ್ ಬೇಡವೆಂದಲ್ಲ. ದೇಹದ ಒಂದು ಕಡೆ ಬಿದ್ದುಹೋಗಿರುವವರಿಗೆ, ಹೊಸದಾಗಿ ಫಿಟ್ಸ್ ಬಂದವರಿಗೆ, ಮಿದುಳಿನ ಒತ್ತಡ ಏರಿದ ಗುರುತಿರುವವರಿಗೆ ಬೇಕು. ಅವರಿಗೂ ಮೊದಲ ಡೋಸ್ ಸ್ಕ್ಯಾನ್ ಕೋಣೆಗೆ ಹೋಗುವ ಮುಂಚೆಯೇ ಹೋಗಿರಬೇಕು.

ಔಷಧಿ ಹೋದ ಮೇಲೂ ಒಂದು ಅಪಾಯ ಕಾದಿರುತ್ತದೆ. ಬ್ಯಾಕ್ಟೀರಿಯಾ ಸತ್ತು ಒಡೆದಾಗ ಅದರ ಕೋಶಭಿತ್ತಿಯ ಚೂರುಗಳು ಚೆಲ್ಲಿ ಉರಿಯೂತವನ್ನು ಇನ್ನಷ್ಟು ಕೆರಳಿಸುತ್ತವೆ. ಮಿದುಳು ಬಾತುಕೊಳ್ಳುವುದೂ ಒಳಗಿವಿ ಹಾಳಾಗುವುದೂ ಬಹುಮಟ್ಟಿಗೆ ಇದರಿಂದ. ಅದಕ್ಕೇ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅನ್ನು ಮೊದಲ ಡೋಸಿಗೆ ಸ್ವಲ್ಪ ಮುಂಚೆ ಅಥವಾ ಅದರ ಜೊತೆಗೇ ಕೊಡುತ್ತಾರೆ. 2002ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನದಲ್ಲಿ 301 ವಯಸ್ಕರಿದ್ದರು. ಸ್ಟಿರಾಯ್ಡ್ ಪಡೆದವರಲ್ಲಿ ಸಾವು ಶೇ 7, ಪಡೆಯದವರಲ್ಲಿ ಶೇ 15. ಇಷ್ಟು ಅಗ್ಗದ ಔಷಧಿಯಿಂದ ಇಷ್ಟು ವ್ಯತ್ಯಾಸ ಕಂಡು ಜಗತ್ತೆಲ್ಲ ಅದನ್ನು ಹಿಡಿದುಕೊಂಡಿತು. 2007ರಲ್ಲಿ ಎರಡು ಬೇರೆ ದೇಶಗಳ ವರದಿ ಬಂತು. ಮಲಾವಿಯಲ್ಲಿ ಲಾಭವೇ ಕಾಣಲಿಲ್ಲ. ಅಲ್ಲಿನ ರೋಗಿಗಳಲ್ಲಿ ಬಹುಪಾಲು ಮಂದಿಗೆ ಎಚ್‌ಐವಿ ಇತ್ತು. ವಿಯೆಟ್ನಾಂನ ವರದಿ ನಮಗೆ ಹೆಚ್ಚು ಹತ್ತಿರದ್ದು: ಬ್ಯಾಕ್ಟೀರಿಯಾ ಖಚಿತವಾಗಿ ಸಿಕ್ಕವರಿಗೆ ಸ್ಟಿರಾಯ್ಡ್ ಒಳ್ಳೆಯದು ಮಾಡಿತು, ಬರೀ ಅನುಮಾನದ ಮೇಲೆ ಕೊಟ್ಟವರಲ್ಲಿ ಮಾಡಲಿಲ್ಲ. ಆ ಗುಂಪಿನಲ್ಲಿ ಕ್ಷಯದವರು ಸೇರಿದ್ದಿರಬಹುದು ಎಂದು ಸಂಶೋಧಕರು ಊಹಿಸಿದರು. ಕ್ಷಯದ ಮೆನಿಂಜೈಟಿಸ್‌ಗೂ ಸ್ಟಿರಾಯ್ಡ್ ಕೊಡುತ್ತಾರೆ, ಆದರೆ ವಾರಗಟ್ಟಲೆ ಮತ್ತು ಕ್ಷಯದ ಔಷಧಿಯ ಜೊತೆ. ಸುಮ್ಮನೆ ನಾಲ್ಕು ದಿನ ಕೊಟ್ಟು ನಿಲ್ಲಿಸಿದರೆ ಕೆಲಸ ಕೆಡುತ್ತದೆ. ಮತ್ತೆ ಬಂದು ನಿಲ್ಲುವುದು ಅದೇ ಬೆನ್ನಿನ ನೀರಿನ ಪರೀಕ್ಷೆಯ ಮುಂದೆ.

ಇನ್ನು ಔಷಧ ನಿರೋಧದ ಮಾತು. ಹಿಂದೆ ಪೆನಿಸಿಲಿನ್ ಒಂದೇ ಸಾಕಾಗುತ್ತಿದ್ದ ನ್ಯೂಮೋಕಾಕಸ್‌ಗೆ ಈಗ ಸಾಲದು. ಇಲ್ಲೊಂದು ಸೂಕ್ಷ್ಮ ಲ್ಯಾಬ್ ರಿಪೋರ್ಟ್ ಓದುವವರಿಗೇ ಎಷ್ಟೋ ಸಲ ತಪ್ಪಿಹೋಗುತ್ತದೆ. ಒಂದು ಬ್ಯಾಕ್ಟೀರಿಯಾವನ್ನು ತಡೆಯಲು ಮಿಲಿಲೀಟರಿಗೆ 1 ಮೈಕ್ರೋಗ್ರಾಂ ಪೆನಿಸಿಲಿನ್ ಬೇಕು ಅಂದುಕೊಳ್ಳಿ. ಅದು ನ್ಯುಮೋನಿಯಾ ರೋಗಿಯ ಶ್ವಾಸಕೋಶದ್ದಾಗಿದ್ದರೆ, 2008ರಿಂದ ಬಳಕೆಯಲ್ಲಿರುವ ಅಮೆರಿಕದ ಮಾನದಂಡದಂತೆ, ಇಂಜೆಕ್ಷನ್ ಪೆನಿಸಿಲಿನ್ನಿಗೆ ಬಗ್ಗುವಂಥದ್ದು. ಅದೇ ಬ್ಯಾಕ್ಟೀರಿಯಾ ಮಿದುಳು ದ್ರವದಲ್ಲಿ ಸಿಕ್ಕರೆ ನಿರೋಧಕ, ಏಕೆಂದರೆ ಅಲ್ಲಿ ಗೆರೆ ಎಳೆದಿರುವುದು 0.12ರಲ್ಲಿ. ಔಷಧಿ ಅಲ್ಲಿ ಅಷ್ಟು ತಲುಪುವುದೇ ಇಲ್ಲವಲ್ಲ! ಸೆಫ್ಟ್ರಿಯಾಕ್ಸೋನ್‌ಗೂ ಹೀಗೆ ಎರಡು ಗೆರೆಗಳಿವೆ. ಅದೂ ಕೈಕೊಡುವ ನ್ಯೂಮೋಕಾಕಸ್ ಇರುವ ಕಡೆ ಮೊದಲ ದಿನದಿಂದಲೇ ವ್ಯಾಂಕೋಮೈಸಿನ್ ಜೋಡಿಸಬೇಕಾಗುತ್ತದೆ. ತಮಾಷೆಯೆಂದರೆ, ಉರಿಯೂತ ಇಳಿಸುವ ಡೆಕ್ಸಾಮೆಥಾಸೋನ್ ಆ ವ್ಯಾಂಕೋಮೈಸಿನ್ ಮಿದುಳು ದ್ರವಕ್ಕೆ ಸೇರುವುದನ್ನೂ ತಗ್ಗಿಸುತ್ತದೆ. ವಯಸ್ಸಾದವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಲಿಸ್ಟೀರಿಯಾ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ಸಂಶಯವಿದ್ದರೆ ಆಂಪಿಸಿಲಿನ್ ಸೇರಿಸಲೇಬೇಕು. ಸೆಫ್ಟ್ರಿಯಾಕ್ಸೋನ್ ಅದನ್ನು ಮುಟ್ಟುವುದೇ ಇಲ್ಲ.

ನಿಜವಾಗಿ ಎದೆ ಹಿಂಡುವ ಸ್ಥಿತಿ ನವಜಾತ ಶಿಶುಗಳದ್ದು. ಶ್ರೀಮಂತ ದೇಶಗಳ ಪಠ್ಯಪುಸ್ತಕದಲ್ಲಿ ನವಜಾತರ ಮೆನಿಂಜೈಟಿಸ್ ಎಂದರೆ ಬಿ ಗುಂಪಿನ ಸ್ಟ್ರೆಪ್ಟೋಕಾಕಸ್ ಮತ್ತು ಇ. ಕೋಲಿ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ನವಜಾತರ ಸೋಂಕಿನ ಅಧ್ಯಯನದಲ್ಲಿ ಮೊದಲ ಸ್ಥಾನದಲ್ಲಿದ್ದದ್ದು ಅಸಿನೆಟೋಬ್ಯಾಕ್ಟರ್, ಆಮೇಲೆ ಕ್ಲೆಬ್ಸಿಯೆಲ್ಲಾ, ಆಮೇಲೆ ಇ. ಕೋಲಿ. ಅಸಿನೆಟೋಬ್ಯಾಕ್ಟರ್‌ಗಳಲ್ಲಿ ಶೇ 80ಕ್ಕೂ ಹೆಚ್ಚು ಹಲವು ಔಷಧಿಗಳಿಗೆ ಒಮ್ಮೆಲೇ ಬಗ್ಗದವು. ಹುಟ್ಟಿದ ಮೂರೇ ದಿನದೊಳಗೆ ಸೋಂಕು ಬಂದ ಕೂಸುಗಳಲ್ಲೂ ಇವೇ ಸಿಕ್ಕವು. ಆಂಪಿಸಿಲಿನ್ ಜೊತೆ ಜೆಂಟಾಮೈಸಿನ್ ಎಂಬ ಹಳೆಯ ಜೋಡಿ ಇಲ್ಲಿ ಸೋಲುತ್ತದೆ. ಜೆಂಟಾಮೈಸಿನ್ ಮಿದುಳು ದ್ರವಕ್ಕೆ ಸರಿಯಾಗಿ ಇಳಿಯುವುದೂ ಇಲ್ಲ. ಮುಂದಿನ ಮೆಟ್ಟಿಲು ಮೆರೋಪೆನೆಮ್, ಅದೂ ಮಾಮೂಲಿಗಿಂತ ಹೆಚ್ಚಿನ ಡೋಸ್. ಅದಕ್ಕೂ ಬಗ್ಗದಿದ್ದರೆ ಕೊಲಿಸ್ಟಿನ್. ಕೊಲಿಸ್ಟಿನ್ ರಕ್ತದಿಂದ ಮಿದುಳಿಗೆ ಸಾಕಷ್ಟು ದಾಟುವುದಿಲ್ಲ. ಹಾಗಾಗಿ ಕೆಲವು ಶಿಶುಗಳಲ್ಲಿ ಮಿದುಳಿನ ಕುಹರಕ್ಕೇ ನೇರ ಹಾಕಬೇಕಾಗುತ್ತದೆ. ಎಂಬತ್ತು ವರ್ಷದ ಹಿಂದೆ ಫ್ಲೆಮಿಂಗ್ ಬೇರೆ ದಾರಿ ಕಾಣದೆ ಮಾಡಿದ್ದನ್ನೇ ಇವತ್ತಿನ ನವಜಾತ ಐಸಿಯುಗಳು ಮತ್ತೆ ಮಾಡುತ್ತಿವೆ.

ಎಷ್ಟು ದಿನ ಕೊಡಬೇಕು ಎಂಬುದೂ ಉಳಿತಾಯದ ಪ್ರಶ್ನೆಯೇ. ಮೆನಿಂಗೋಕಾಕಸ್‌ಗೆ ಒಂದು ವಾರ, ನ್ಯೂಮೋಕಾಕಸ್‌ಗೆ 10ರಿಂದ 14 ದಿನ, ನವಜಾತರಲ್ಲಿ ಇ. ಕೋಲಿಯಂಥವಕ್ಕೆ ಮೂರು ವಾರ ಎಂಬುದು ಬಹುಕಾಲದ ರೂಢಿ. 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ಬಾಂಗ್ಲಾದೇಶ, ಪಾಕಿಸ್ತಾನ, ವಿಯೆಟ್ನಾಂ, ಈಜಿಪ್ಟ್, ಮಲಾವಿಗಳ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ನೋಡಿತು. ಎರಡು ತಿಂಗಳಿಗಿಂತ ದೊಡ್ಡ ಮಕ್ಕಳು ಐದನೇ ದಿನಕ್ಕೆ ಸ್ಥಿರವಾಗಿದ್ದರೆ ಸೆಫ್ಟ್ರಿಯಾಕ್ಸೋನ್ ಅಲ್ಲಿಗೇ ನಿಲ್ಲಿಸಿದರೂ ಹತ್ತು ದಿನ ಕೊಟ್ಟವರಿಗಿಂತ ಕೆಡುಕಾಗಲಿಲ್ಲ. ಹಾಸಿಗೆಗೂ ಹಣಕ್ಕೂ ಕೊರತೆಯಿರುವ ಊರಿಗೆ ಇದು ಸಣ್ಣ ವಿಷಯವಲ್ಲ. ಆದರೆ ಸರಿಯಾದ ಡೋಸ್ ಮೊದಲ ದಿನದಿಂದ ಹೋಗಿದ್ದರೆ, ಬ್ಯಾಕ್ಟೀರಿಯಾ ಔಷಧಿಗೆ ಬಗ್ಗುವಂಥದ್ದಾಗಿದ್ದರೆ ಮಾತ್ರ ಈ ಲೆಕ್ಕ.

ಈ ಪುಡಿ ಎಲ್ಲೆಂದರಲ್ಲಿ ಸುರಿಯಬಾರದು ಎಂದು ಸರ್ಕಾರಕ್ಕೆ ಗೊತ್ತಿಲ್ಲದೆ ಇಲ್ಲ. ಸೆಫ್ಟ್ರಿಯಾಕ್ಸೋನ್, ಮೆರೋಪೆನೆಮ್‌ಗಳು 2013ರಲ್ಲೇ ಶೆಡ್ಯೂಲ್ ಎಚ್1 ಪಟ್ಟಿಗೆ ಸೇರಿ, ನಿಯಮ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ, ಯಾರು ಬರೆದರು, ಯಾರಿಗೆ ಕೊಟ್ಟೆವು ಎಂದು ಅಂಗಡಿಯವರು ಪ್ರತ್ಯೇಕ ರಿಜಿಸ್ಟರ್‌ನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಆದರೆ ಈ ಕಾನೂನು ಕಾಯುವುದು ಅಂಗಡಿಯ ಬಾಗಿಲನ್ನು. ನರ್ಸಿಂಗ್ ಹೋಮಿನ ಒಳಗೆ ಜ್ವರಕ್ಕೆಲ್ಲ ಒಂದು ಗ್ರಾಂ ಹಾಕುವ ಕೈಯನ್ನು ಯಾವ ರಿಜಿಸ್ಟರೂ ಹಿಡಿಯುವುದಿಲ್ಲ. ಆ ವೈದ್ಯರ ಇಕ್ಕಟ್ಟೂ ಸುಳ್ಳಲ್ಲ: ಕಲ್ಚರ್ ಮಾಡುವ ಲ್ಯಾಬ್ ಹತ್ತಿರದಲ್ಲಿಲ್ಲ, ರೋಗಿಗೆ ನಾಳೆ ಕೂಲಿಗೆ ಹೋಗಬೇಕು, ಬರೀ ಪ್ಯಾರಾಸಿಟಮಾಲ್ ಕೊಟ್ಟರೆ ಪಕ್ಕದ ಕ್ಲಿನಿಕ್ಕಿಗೆ ಹೋಗುತ್ತಾನೆ.

ಹೀಗಾಗಿ ಆಂಟಿಬಯೋಟಿಕ್‌ಗಳ ಮೇಲಿನ ಭಾರ ನಿಜಕ್ಕೂ ಇಳಿಸಿದ್ದು ಲಸಿಕೆ. ಹಿಬ್ ಎಂಬ ಬ್ಯಾಕ್ಟೀರಿಯಾ ಒಂದು ಕಾಲಕ್ಕೆ ಪುಟ್ಟ ಮಕ್ಕಳ ಮೆನಿಂಜೈಟಿಸ್‌ಗೆ ದೊಡ್ಡ ಕಾರಣವಾಗಿತ್ತು. ಅದರ ಲಸಿಕೆ ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಪೆಂಟಾವೇಲೆಂಟ್ ಒಳಗೆ ಸೇರಿ 2011ರ ಡಿಸೆಂಬರ್‌ನಲ್ಲಿ ಕೇರಳ, ತಮಿಳುನಾಡಿನಲ್ಲಿ ಶುರುವಾಗಿ ಆಮೇಲೆ ಕರ್ನಾಟಕಕ್ಕೂ ಬಂತು. ನ್ಯೂಮೋಕಾಕಸ್ ಲಸಿಕೆ ಅಂಗನವಾಡಿ, ಪಿಎಚ್‌ಸಿಗಳಲ್ಲಿ ದೇಶದಾದ್ಯಂತ ಉಚಿತವಾಗಿ ಸಿಗತೊಡಗಿದ್ದು 2021ರಲ್ಲಿ: ಆರು ವಾರ, ಹದಿನಾಲ್ಕು ವಾರ, ಒಂಬತ್ತು ತಿಂಗಳು. ಮೆನಿಂಗೋಕಾಕಸ್ ಲಸಿಕೆ ಸರ್ಕಾರದ ಪಟ್ಟಿಯಲ್ಲಿಲ್ಲ. ಹಜ್ ಯಾತ್ರಿಕರಿಗೆ ಅದು ಕಡ್ಡಾಯ, ಅಮೆರಿಕ ಬ್ರಿಟನ್‌ಗಳಿಗೆ ಓದಲು ಹೊರಟ ನಮ್ಮ ಹುಡುಗರು ಹಾಸ್ಟೆಲ್ ಸೇರುವಾಗ ಹಲವು ಕಡೆ ಕೇಳುತ್ತಾರೆ. ದೆಹಲಿಯಲ್ಲಿ 2005ರಲ್ಲಿ, ಮೇಘಾಲಯ ತ್ರಿಪುರಾಗಳಲ್ಲಿ 2008-09ರಲ್ಲಿ ಮೆನಿಂಗೋಕಾಕಸ್ ಸಾಂಕ್ರಾಮಿಕವಾಗಿ ಹಬ್ಬಿತ್ತು. ರೋಗಿಯ ಜೊತೆ ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇದ್ದವರಿಗೆ ಮುನ್ನೆಚ್ಚರಿಕೆಯಾಗಿ ಸಿಪ್ರೋಫ್ಲಾಕ್ಸಾಸಿನ್ ಒಂದೇ ಮಾತ್ರೆ ಸಾಕೆನ್ನುತ್ತಿದ್ದರು. 2005ರ ದೆಹಲಿಯಲ್ಲೇ ಅದಕ್ಕೆ ಬಗ್ಗದ ತಳಿ ಸಿಕ್ಕಿತು.

ಲಸಿಕೆ ಹಾಕಿಸಿಕೊಂಡ ಮಗುವಿಗೂ, ಲಸಿಕೆ ಕಾಣದ ಅಜ್ಜನಿಗೂ ಉಳಿಯುವ ಕೆಲವು ಬಾಗಿಲುಗಳಿವೆ. ವರ್ಷಗಟ್ಟಲೆ ಸೋರುವ ಕಿವಿ ಒಂದು. ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟು ಬಿದ್ದ ಮೇಲೆ ಬಗ್ಗಿದಾಗಲೆಲ್ಲ ಒಂದೇ ಮೂಗಿನ ಹೊಳ್ಳೆಯಿಂದ ತಿಳಿನೀರು ಸುರಿಯುವುದು ಇನ್ನೊಂದು. ನೆಗಡಿ ಎಂದು ಬಿಟ್ಟ ಆ ನೀರು ಮಿದುಳು ದ್ರವವೇ ಆಗಿರಬಹುದು. ಅದು ಬಂದ ದಾರಿಯಲ್ಲೇ ನ್ಯೂಮೋಕಾಕಸ್ ಒಳಗೆ ಹೋಗುತ್ತದೆ. ಅಂಥವರಿಗೆ ಮತ್ತೆ ಮತ್ತೆ ಮೆನಿಂಜೈಟಿಸ್ ಬರುತ್ತದೆ, ಆ ತೂತು ಮುಚ್ಚುವವರೆಗೆ ಎಷ್ಟು ಗ್ರಾಂ ಹಾಕಿದರೂ ಅಷ್ಟೇ.

ಜ್ವರದ ಜೊತೆ ಜೋರು ತಲೆನೋವು, ವಾಂತಿ, ಗದ್ದ ಎದೆಗೆ ಮುಟ್ಟಿಸಲಾಗದ ಕುತ್ತಿಗೆ, ಮಾತು ತಡವರಿಸುವುದು ಕಂಡರೆ, ಕೂಸಾದರೆ ಹಾಲು ಬಿಟ್ಟು, ಎತ್ತಿಕೊಂಡರೂ ಕಿರುಚುತ್ತ, ನೆತ್ತಿ ಉಬ್ಬಿದ್ದರೆ, ಇನ್ನೊಂದು ಇಂಜೆಕ್ಷನ್ನಿಗೆ ಕಾಯದೆ 108ಕ್ಕೆ ಕರೆ ಮಾಡುವುದೇ ಸರಿ. ಹೊರಡುವಾಗ ಹಿಂದಿನ ಮೂರು ನಾಲ್ಕು ದಿನ ತಿಂದ ಮಾತ್ರೆಗಳ ಖಾಲಿ ಶೀಟ್, ಹಾಕಿಸಿದ ಇಂಜೆಕ್ಷನ್ನಿನ ವಯಲ್ ಅಥವಾ ಚೀಟಿ ಜೊತೆಗಿರಲಿ. ಕಲ್ಚರ್ ಯಾಕೆ ನೆಗೆಟಿವ್ ಬಂತೆಂದು ಕ್ಯಾಶುವಾಲ್ಟಿಯಲ್ಲಿ ಇರುವವರಿಗೆ ಅರ್ಥವಾಗುವುದು ಅದರಿಂದ.

ವಾಸಿಯಾಗಿ ಮನೆಗೆ ಬರುವಾಗ ಇನ್ನೊಂದು ಕೇಳಿಕೊಳ್ಳಬೇಕಾದ್ದಿದೆ: ಶ್ರವಣ ಪರೀಕ್ಷೆ. ಡಿಸ್ಚಾರ್ಜ್‌ಗೆ ಮುಂಚೆ, ಆಗದಿದ್ದರೆ ನಾಲ್ಕು ವಾರದೊಳಗೆ ಮಾಡಿಸಬೇಕು ಎಂದು ಈಗಿನ ಮಾರ್ಗಸೂಚಿಗಳು ಹೇಳುತ್ತವೆ. ಮೆನಿಂಜೈಟಿಸ್ ಆದ ಒಳಗಿವಿಯಲ್ಲಿ ಕೆಲವೇ ವಾರ, ತಿಂಗಳಲ್ಲಿ ಮೂಳೆ ಬೆಳೆದು ಸುರುಳಿ ಮುಚ್ಚಿಹೋಗಬಹುದು, ಆಮೇಲೆ ಕಿವುಡರಿಗೆ ಕೇಳಿಸಲು ಒಳಗಿವಿಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್‌ನ ತಂತಿ ತೂರಿಸಲು ಜಾಗವೇ ಉಳಿಯುವುದಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಾತು ಬಾರದ ಕೂಸಿಗೂ ಈ ಪರೀಕ್ಷೆ ಮಾಡುತ್ತಾರೆ. ಮಗು ಉತ್ತರ ಕೊಡಬೇಕಿಲ್ಲ, ನಿದ್ದೆಯಲ್ಲಿದ್ದರೂ ಸಾಕು.